ಸಹಾಯ ಬೇಕು: ಲೈಬ್ರರಿಯ ಎರವಲು ನಿಯಮ ಸರಿಯಿದೆಯಾ ಅಂತ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಲೈಬ್ರರಿ ಸೈನ್ಸ್ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿ ಪುಸ್ತಕ ಎರವಲು ಕೊಡುವ ನಿಯಮಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ.

ಪಿಜಿ ವಿದ್ಯಾರ್ಥಿಗಳಿಗೆ 4 ಪುಸ್ತಕ, 14 ದಿನ. ಮೇಷ್ಟ್ರುಗಳಿಗೆ 15 ಪುಸ್ತಕ, ಇಡೀ ಸೆಮಿಸ್ಟರ್. ತಡವಾದರೆ ನಮಗೆ ದಿನಕ್ಕೆ 1 ರೂಪಾಯಿ ದಂಡ, ಅವರಿಗೆ ಏನೂ ಇಲ್ಲ! ಮೊನ್ನೆ ಸಂಶೋಧನಾ ವಿಧಾನದ ಒಂದು ಪುಸ್ತಕದ ಡೇಟ್ ಸ್ಲಿಪ್ (ಎರವಲು ಕೊಟ್ಟಾಗಲೆಲ್ಲ ತಾರೀಖಿನ ಸೀಲು ಹಾಕುವ ಚೀಟಿ) ನೋಡಿದೆ. ಎರಡು ವರ್ಷದಲ್ಲಿ ಮೂರೇ ಸೀಲು. ಯಾರಿಗೂ ಬೇಡವೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಅಷ್ಟೂ ದಿನ ಒಬ್ಬರ ಮನೆಯ ಕಪಾಟಿನಲ್ಲೇ ಇತ್ತು. ಸುಮ್ನೆ ಎಷ್ಟು ಸಲ ಹೊರಗೆ ಹೋಯಿತು ಅಂತ ಎಣಿಸಿದರೆ ಸಾಲದು, ಅಲ್ವಾ?

ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು ಅಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದರು. ಸಿಕ್ಕಿತಾ ಇಲ್ಲವಾ ಅಂತ ಅಳೆಯೋದರಲ್ಲೇ ನಾನು ಸಿಕ್ಕಿಕೊಂಡಿದ್ದೇನೆ.

ನಮ್ಮಲ್ಲಿ ಲೈಬ್ರರಿ ಕೆಲಸಕ್ಕೆ ಕೋಹಾ ಅನ್ನುವ ತಂತ್ರಾಂಶ ಇದೆ. ಪುಸ್ತಕ ಕಾಯ್ದಿರಿಸಿದವರು ಎಷ್ಟು ದಿನ ಕಾದರು ಅನ್ನುವ ವರದಿಯನ್ನು ಅದರಿಂದ ತೆಗೆದವರು ಯಾರಾದರೂ ಇದ್ದೀರಾ? ದಂಡ ತೆಗೆದುಹಾಕಿದ ಕಡೆ ಪುಸ್ತಕಗಳು ವಾಪಸ್ ಬರುವುದು ಕಡಿಮೆ ಆಯಿತಾ? ಓದುಗರಿಗೆ ಕೊಡುವ ಪ್ರಶ್ನಾವಳಿ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಸೋಮವಾರ ಗೈಡ್ ಮುಂದೆ ಕೂರಬೇಕು.