ಪಿತ್ತನಾಳದ ಕ್ಯಾನ್ಸರ್: ಸಾಕ್ಸ್9 ಜೀನ್ ನೋಡಿ ಮುನ್ನರಿವು ಹೇಳಬಹುದೇ?

ಕಾರವಾರ_ಪ್ಯಾಥಾಲಜಿ:
ನಮಸ್ಕಾರ. ಟಿಸಿಜಿಎ (ಕ್ಯಾನ್ಸರ್ ಗಡ್ಡೆಗಳ ಜೀನ್ ಮಾಹಿತಿಯ ಸಾರ್ವಜನಿಕ ಸಂಗ್ರಹ) ದತ್ತಾಂಶದಲ್ಲಿ ಪಿತ್ತನಾಳ ಕ್ಯಾನ್ಸರಿನ 36 ಗಡ್ಡೆಗಳ ಮತ್ತು ಪಕ್ಕದ 9 ಸಾಮಾನ್ಯ ಅಂಗಾಂಶಗಳ ಆರ್‌ಎನ್‌ಎ ಮಾಹಿತಿ ಇದೆ. ಗಡ್ಡೆಯಲ್ಲಿ ಸಾಕ್ಸ್9 ಅಭಿವ್ಯಕ್ತಿ (ಆ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದು) ಬಹಳ ಜಾಸ್ತಿ. ಕಾರವಾರ, ಶಿರಸಿ ಕಡೆಯ ರೋಗಿಗಳ ಪ್ಯಾರಾಫಿನ್ ಬ್ಲಾಕುಗಳಲ್ಲೂ (ಮೇಣದಲ್ಲಿ ಕೂರಿಸಿಟ್ಟ ಅಂಗಾಂಶ) ಇದನ್ನು ಅಳೆಯುವ ಯೋಚನೆ. ಹೆಚ್ಚು, ಕಡಿಮೆ ಎಂಬ ಗೆರೆ ಎಲ್ಲಿ ಎಳೆಯಬೇಕು? ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸುವಾಗ ಏನು ಜಾಗ್ರತೆ?

ಶಿರಸಿ_ಜೀನೋಮಿಕ್ಸ್:
ಗೆರೆಗಿಂತ ಮೊದಲು ಹೋಲಿಕೆಯನ್ನೇ ನೋಡಿ ಸರ್. ಆ ಸಾಮಾನ್ಯ ಮಾದರಿಗಳು ಹೆಚ್ಚಾಗಿ ಯಕೃತ್ತಿನವು. ಯಕೃತ್ತಿನ ಬಹುಪಾಲು ಹೆಪಟೋಸೈಟ್ ಎಂಬ ಕೋಶ, ಅದರಲ್ಲಿ ಸಾಕ್ಸ್9 ತೀರಾ ಕಡಿಮೆ. ಪಿತ್ತನಾಳದ ಆರೋಗ್ಯವಂತ ಕೋಶದಲ್ಲಿ ಅದು ಇದ್ದೇ ಇರುತ್ತದೆ. ಹಾಗಾಗಿ ನಿಮಗೆ ಕಂಡ ಏರಿಕೆಯಲ್ಲಿ ಕ್ಯಾನ್ಸರಿನಿಂದ ಬಂದದ್ದೆಷ್ಟು, ಕೋಶದ ಬಗೆ ಬೇರೆಯಾದ್ದರಿಂದ ಬಂದದ್ದೆಷ್ಟು ಎಂದು ಬಿಡಿಸಲಿಕ್ಕೆ ಬರುವುದಿಲ್ಲ. ಪಿತ್ತನಾಳದ ಕೋಶದ ಗುರುತಾದ ಕೆರಾಟಿನ್19 ಜೀನ್ ಹಾಕಿ ನೋಡಿ, ಅದೂ ಹೀಗೇ ಏರುತ್ತದೆ.

ಇನ್ನೊಂದು ತೊಡಕು ಸ್ಟ್ರೋಮಾ, ಅಂದರೆ ಕ್ಯಾನ್ಸರ್ ಕೋಶಗಳ ಸುತ್ತಲಿನ ಆಧಾರ ಅಂಗಾಂಶ. ಈ ಗಡ್ಡೆ ನಾರುನಾರಾಗಿದ್ದು, ಎಷ್ಟೋ ಸಲ ಕ್ಯಾನ್ಸರ್ ಕೋಶಗಳೇ ಅಲ್ಪಸಂಖ್ಯಾತ. ಇಡೀ ಸೆಕ್ಷನ್ (ಬ್ಲಾಕಿನಿಂದ ಕತ್ತರಿಸಿದ ತೆಳು ಪದರ) ಕೆರೆದು ಆರ್‌ಎನ್‌ಎ ತೆಗೆದರೆ ನೀವು ಅಳೆದದ್ದು ನಾರಿನ ಪ್ರಮಾಣವನ್ನು. ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ಗಡ್ಡೆಯ ಜಾಗ ಗುರುತಿಸಿ, ಅಷ್ಟನ್ನೇ ಕೆರೆಯಿರಿ. ಜೊತೆಗೆ ಇಮ್ಯುನೊ (ಪ್ರತಿಕಾಯದಿಂದ ಪ್ರೊಟೀನಿಗೆ ಬಣ್ಣ ಹಾಕುವ ಪರೀಕ್ಷೆ) ಮಾಡಿ: ನ್ಯೂಕ್ಲಿಯಸ್ ಬಣ್ಣವನ್ನಷ್ಟೇ ಎಣಿಸಿ, ಬಣ್ಣದ ಗಾಢತೆ ಮತ್ತು ಬಣ್ಣ ಬಂದ ಕೋಶಗಳ ಪ್ರಮಾಣ ಸೇರಿಸಿದ 0–300ರ ಎಚ್ ಸ್ಕೋರ್ ಕೊಡಿ. ರೋಗಿಯ ಗತಿ ಗೊತ್ತಿಲ್ಲದ ಇಬ್ಬರು ಬೇರೆಬೇರೆಯಾಗಿ ಓದಬೇಕು.

ಹಿಸ್ಟೋ_ಕುಮಟಾ:
ಮಳೆಗಾಲದಲ್ಲಿ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟದಲ್ಲಿ ರಸ್ತೆ ಕಟ್ಟಿದರೆ ಡಬ್ಬಿ ಫಾರ್ಮಲಿನ್‌ನಲ್ಲೇ ದಿನಗಟ್ಟಲೆ ಕೂರುತ್ತದೆ, ಆರ್‌ಎನ್‌ಎ ಚೂರಾಗುತ್ತದೆ. ಬ್ಲಾಕ್ ಇಲ್ಲೇ ಮಾಡಿ, ಬ್ಲಾಕನ್ನೇ ಕಳಿಸಿ. ಗಡ್ಡೆ ಬಂದ ಕೂಡಲೇ 5 ಮಿಮೀ ಹೋಳು ಮಾಡಿ, ಹತ್ತು ಪಟ್ಟು 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಿ, 24 ಗಂಟೆ ಸಾಕು. ಬಫರ್ ಇಲ್ಲದ್ದು ಆಮ್ಲವಾಗುತ್ತದೆ, ಬೇಡವೇ ಬೇಡ. ಹಳೇ ಬ್ಲಾಕಾದರೆ ಗಾಳಿಗೆ ತೆರೆದ ಮೊದಲ ಎರಡು ಮೂರು ಸೆಕ್ಷನ್ ಬಿಸಾಕಿ, ನಂತರ 10 ಮೈಕ್ರಾನಿನ ನಾಲ್ಕೈದು ತೆಗೆಯಿರಿ. ಫಾರ್ಮಲಿನ್ ಅಂಗಾಂಶಕ್ಕೆ ಆರ್‌ಐಎನ್ (ಆರ್‌ಎನ್‌ಎ ಗುಣಮಟ್ಟದ ಮಾಮೂಲಿ ಅಂಕ) ನಂಬಬೇಡಿ. ಡಿವಿ200 (200 ಬೇಸಿಗಿಂತ ಉದ್ದದ ಆರ್‌ಎನ್‌ಎ ತುಣುಕುಗಳ ಶೇಕಡಾವಾರು) ನೋಡಿ, 30%ಕ್ಕಿಂತ ಕೆಳಗಿದ್ದರೆ ಕೈಬಿಡಿ. ಕ್ಯೂಪಿಸಿಆರ್‌ನಿಂದ (ಜೀನಿನ ತುಣುಕನ್ನು ನಕಲು ಮಾಡಿ ಅಳೆಯುವ ವಿಧಾನ) ಅಳೆಯುವುದಾದರೆ ಆಂಪ್ಲಿಕಾನ್ (ನಕಲಾಗುವ ತುಣುಕು) 100 ಬೇಸಿನೊಳಗಿರಲಿ, ಹೋಲಿಕೆಗೆ ಜಿಎಪಿಡಿಎಚ್ ಜೀನ್ ಒಂದನ್ನೇ ನೆಚ್ಚಬೇಡಿ.

ಅಂಕಿ_ಅಂಕೋಲಾ:
ಗೆರೆಯ ಬಗ್ಗೆ: ಎಲ್ಲ ಕಡೆ ಎಳೆದು ನೋಡಿ, ಪಿ ವ್ಯಾಲ್ಯೂ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ತೂಗುವ ಅಂಕಿ) ಚಿಕ್ಕದು ಸಿಕ್ಕಲ್ಲಿ ನಿಲ್ಲುವುದು ದಯವಿಟ್ಟು ಬೇಡ, ಹಾಗೆ ಮಾಡಿದರೆ ಯಾವ ಜೀನೂ ಗೆಲ್ಲುತ್ತದೆ. ಅಳತೆಯನ್ನು ಹಾಗೇ ಸಂಖ್ಯೆಯಾಗಿ ಕಾಕ್ಸ್ ಮಾದರಿಗೆ (ಬದುಕುಳಿಯುವ ಅವಧಿಯ ಲೆಕ್ಕಾಚಾರ) ಕೊಡಿ, ಇಲ್ಲವೇ ಗೆರೆ ಮೀಡಿಯನ್ (ನಟ್ಟನಡುವಿನ ಬೆಲೆ) ಎಂದು ಮೊದಲೇ ಬರೆದಿಡಿ. 36 ಜನರಲ್ಲಿ ಅರ್ಧ ತೀರಿಕೊಂಡರೂ 18 ಸಾವು. ಮಾದರಿಗೆ ಸೇರಿಸುವ ಒಂದು ಅಂಶಕ್ಕೆ 10 ಸಾವು ಬೇಕೆಂಬ ರೂಢಿಯ ಲೆಕ್ಕದಲ್ಲಿ ಎರಡು ಅಂಶಕ್ಕೂ ಸಾಲದು. ಆದರೆ ದುಗ್ಧಗ್ರಂಥಿಗೆ ಹಬ್ಬಿದೆಯೇ, ಅಂಚಿನಲ್ಲಿ ಗಡ್ಡೆ ಉಳಿದಿದೆಯೇ, ಗ್ರೇಡ್, ಇಷ್ಟನ್ನು ಸೇರಿಸದೆ ಜೀನಿನ ಸ್ವಂತ ತೂಕ ತಿಳಿಯದು. ಯಕೃತ್ತಿನೊಳಗಿನ ಗಡ್ಡೆ, ಹೈಲಾರ್ (ಯಕೃತ್ತಿನಿಂದ ನಾಳಗಳು ಹೊರಬರುವ ಜಾಗದ್ದು), ಕೆಳನಾಳದ್ದು ಒಂದೇ ರಾಶಿಗೆ ಹಾಕಬೇಡಿ. ರಕ್ತದಲ್ಲಿ ಅಳೆಯುವ ಗಡ್ಡೆಸೂಚಕ ಸಿಎ 19-9 ಸೇರಿಸುವುದಾದರೆ ಕಾಮಾಲೆ ಇಳಿದ ಮೇಲಿನದು ತಗೊಳ್ಳಿ.

ಕಾರವಾರ_ಪ್ಯಾಥಾಲಜಿ:
ಧನ್ಯವಾದ. ಹಾಗಾದರೆ ರೋಗಿಯ ರಿಪೋರ್ಟಿನಲ್ಲಿ ಸಾಕ್ಸ್9 ಬರೆಯಬಹುದೇ?

ಶಿರಸಿ_ಜೀನೋಮಿಕ್ಸ್:
ಬೇಡ ಸರ್, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಯಕೃತ್ತಿನೊಳಗಿನ ಗಡ್ಡೆಯಾದರೆ ಎಫ್‌ಜಿಎಫ್‌ಆರ್2 ಜೀನಿನ ಫ್ಯೂಷನ್ (ಬೇರೆ ಜೀನಿನೊಂದಿಗೆ ಬೆಸೆದುಕೊಳ್ಳುವುದು), ಐಡಿಎಚ್1 ಜೀನಿನ ಮ್ಯುಟೇಶನ್ ನೋಡಿಸಿ. ಕ್ರಮವಾಗಿ ಪೆಮಿಗಾಟಿನಿಬ್, ಐವೊಸಿಡೆನಿಬ್ ಔಷಧಿಗಳು ಅವುಗಳಿಗೇ ಇರುವವು. ಬಯಾಪ್ಸಿ ತುಂಡು ಚಿಕ್ಕದಿದ್ದರೆ ಆ ಪರೀಕ್ಷೆಗಳಿಗೆ ಉಳಿಸಿ, ಸಂಶೋಧನೆಗೆ ಕತ್ತರಿಸಬೇಡಿ.