ಡಿಸೆಂಬರ್ ಕೊನೆಗೆ ಗೋವಾ: ಐದು ಜನಕ್ಕೆ ದಿನಕ್ಕೆ 2000ದೊಳಗೆ ರೂಮ್ ಸಿಗುತ್ತಾ?

ಪ್ರಶ್ನೆ: ಹಾವೇರಿಯಿಂದ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ. ನಾನು, ಯಜಮಾನರು, ಇಬ್ಬರು ಮಕ್ಕಳು, ಮಾವ. ಮಾವನಿಗೆ 72 ವರ್ಷ, ಮಂಡಿ ನೋವು. ಮಕ್ಕಳ ಶಾಲೆಗೆ ಕ್ರಿಸ್‌ಮಸ್ ರಜೆ, ಹಾಗಾಗಿ 25ರಿಂದ 30ರವರೆಗೆ ಬಿಟ್ಟರೆ ಬೇರೆ ದಿನ ಹೊಂದಲ್ಲ. ಐದು ರಾತ್ರಿ ಉಳಿಯೋಕೆ 10,000 ಎತ್ತಿಟ್ಟಿದ್ದೇವೆ.

ಮೂರು ದಿನದಿಂದ ಮೊಬೈಲ್‌ನಲ್ಲಿ ಹುಡುಕುತ್ತಿದ್ದೇನೆ. ಕಲಂಗೂಟ್, ಬಾಗಾ ಕಡೆ ಒಂದು ಸಾದಾ ರೂಮಿಗೇ 6000, 7000 ತೋರಿಸುತ್ತಿದೆ. ಐದು ಜನ ಅಂದ ಕೂಡಲೇ ಎರಡು ರೂಮ್ ತಗೊಳ್ಳಿ ಅನ್ನುತ್ತದೆ. ಪಾರ್ಟಿ, ಡ್ಯಾನ್ಸ್ ನಮಗೆ ಬೇಡ. ಮಕ್ಕಳು ನೀರಲ್ಲಿ ಆಡಬೇಕು, ಮಾವ ದಂಡೆ ಮೇಲೆ ಕೂತು ಸಮುದ್ರ ನೋಡಬೇಕು, ಅಷ್ಟೇ. ಅವರು ಮೂವತ್ತು ವರ್ಷದ ಹಿಂದೆ ಗೋಕರ್ಣಕ್ಕೆ ಹೋಗಿದ್ದೇ ಕೊನೆ. ನಾವು ಸಸ್ಯಾಹಾರಿಗಳು. ನಿಜವಾಗಿ ಹೋಗಿ ಬಂದವರು ಹೇಳಿ. ಈ ದುಡ್ಡಲ್ಲಿ ಆಗುತ್ತಾ, ಇಲ್ಲ ಸುಮ್ನೆ ಆಸೆ ಬಿಡೋದಾ?

ಉತ್ತರ: ಮಡಗಾಂವ್‌ನಲ್ಲಿರುವ ರಾಣೆಬೆನ್ನೂರಿನವನು

ಆಸೆ ಬಿಡಬೇಡಿ, ಅಕ್ಕಾ. ನಾನು ರಾಣೆಬೆನ್ನೂರಿನವನು. 11 ವರ್ಷದಿಂದ ಮಡಗಾಂವ್‌ನಲ್ಲಿ ಕೆಲಸ. ಪ್ರತಿ ಡಿಸೆಂಬರ್ ಊರಿಂದ ಯಾರಾದರೂ ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಮನೆಯವರಿಗೆ ರೂಮ್ ಹುಡುಕಿ ಕೊಟ್ಟಿದ್ದೇನೆ.

ಮೊದಲು ಒಂದು ಮಾತು. ಗೋವಾದಲ್ಲಿ ಬಾಡಿಗೆ ರೂಮಿಗಲ್ಲ, ಮರಳಿಗೆ ಎಷ್ಟು ಹತ್ತಿರ ಅನ್ನೋದಕ್ಕೆ. ನೀರಿನ ಪಕ್ಕದ ಕೋಣೆಗೆ 6000 ಕೇಳುವ ದಿನವೇ, ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ ಹೋದರೆ ಅದಕ್ಕಿಂತ ದೊಡ್ಡ ಕೋಣೆ 2000ದ ಆಸುಪಾಸಿನಲ್ಲಿ ಸಿಗುತ್ತದೆ. ಅಂಥ ಮನೆಗಳು ಆ್ಯಪ್‌ನಲ್ಲಿ ಕಾಣೋದೇ ಇಲ್ಲ. ಗೇಟಿಗೆ ಒಂದು ಬೋರ್ಡ್ ತೂಗು ಹಾಕಿರುತ್ತಾರೆ, ಅಷ್ಟೇ.

ಉತ್ತರ ಗೋವಾ ಮರೆತುಬಿಡಿ. ನಿಮಗೆ ಬೇಕಾದ್ದು ಕಾಣಕೋಣ ತಾಲೂಕು. ಗೋವಾದ ದಕ್ಷಿಣ ತುದಿ, ಅದರಾಚೆ ನಮ್ಮ ಕಾರವಾರ. ಪಾಳೋಳೆ, ಪಾಟ್ನೆ, ಆಗೊಂದ, ಗಾಲ್ಜಿಬಾಗ ಎಲ್ಲ ಇಲ್ಲೇ ಬರುತ್ತವೆ. ಮಕ್ಕಳಿಗೆ ಪಾಳೋಳೆಯೇ ಸರಿ. ಎರಡೂ ಕಡೆ ಬೆಟ್ಟ ಚಾಚಿಕೊಂಡಿದೆ, ಅರ್ಧ ಚಂದ್ರದ ಹಾಗಿರುವ ದಂಡೆ, ಅಲೆ ಸಣ್ಣದು, ತುಂಬಾ ದೂರದವರೆಗೂ ಮೊಣಕಾಲುದ್ದ ನೀರು. ಆಗೊಂದ ನೋಡೋಕೆ ಚೆಂದ, ಆದರೆ ಅಲ್ಲಿ ನೀರು ಎಳೆಯುತ್ತದೆ, ಮಕ್ಕಳನ್ನು ಇಳಿಸಬೇಡಿ. ಆಗೊಂದ, ಗಾಲ್ಜಿಬಾಗ ಎರಡೂ ಕಡಲಾಮೆ ಮೊಟ್ಟೆ ಇಡುವ ಜಾಗ. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾಯುತ್ತಾರೆ. ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿ.

ಉಳಿಯೋಕೆ ಮಾತ್ರ ಪಾಳೋಳೆ ದಂಡೆ ಬೇಡ. ಅಲ್ಲಿರೋದು ಬಹಳಷ್ಟು ಹಲಗೆ, ಬಿದಿರಿನ ಗುಡಿಸಲು. ಮಳೆಗಾಲ ಮುಗಿದ ಮೇಲೆ ಕಟ್ಟುತ್ತಾರೆ, ಮತ್ತೆ ಮಳೆ ಬರೋದರೊಳಗೆ ಬಿಚ್ಚುತ್ತಾರೆ. ಎಷ್ಟೋ ಗುಡಿಸಲಿಗೆ ಕಡಿದಾದ ಮರದ ಮೆಟ್ಟಿಲು. ನಿಮ್ಮ ಮಾವನ ಮಂಡಿಗೆ ಆಗಲ್ಲ. ತಾಲೂಕಿನ ಪೇಟೆ ಚಾವಡಿ. ಅಲ್ಲಿಂದ ಪಾಳೋಳೆಗೆ ಹೋಗುವ ಕಡೆ ನಗರ್ಸೆ ಅಂತ ಭಾಗ ಇದೆ. ತೆಂಗಿನ ತೋಟ, ನಡುವೆ ಮನೆಗಳು. ಮನೆಯವರು ಹಿಂದೆ ಇರುತ್ತಾರೆ, ಮುಂದಿನ ಎರಡು ಕೋಣೆ ಬಾಡಿಗೆಗೆ. ಹೋದ ಡಿಸೆಂಬರ್ 27ಕ್ಕೆ ನಮ್ಮ ಅತ್ತೆಯವರಿಗೆ ಅಲ್ಲಿ ಕೊಡಿಸಿದ್ದು ದಿನಕ್ಕೆ 2200. ಒಂದು ಹಾಲ್, ಒಂದು ಕೋಣೆ, ಗ್ಯಾಸ್ ಒಲೆ, ನಾಲ್ಕು ಪಾತ್ರೆ. ನವೆಂಬರ್‌ನಲ್ಲಿ ಅದೇ ಮನೆಗೆ 1200.

ಗ್ಯಾಸ್ ಒಲೆ ಇದೆಯಾ ಅಂತ ತಪ್ಪದೇ ಕೇಳಿ. ಐದು ಜನ ಮೂರು ಹೊತ್ತು ಹೊರಗೆ ಉಂಡರೆ ರೂಮಿಗಿಂತ ಊಟಕ್ಕೇ ಜಾಸ್ತಿ ಹೋಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಸೇರು ಅಕ್ಕಿ ಕಟ್ಟಿಕೊಂಡು ಬನ್ನಿ. ತರಕಾರಿ ಚಾವಡಿಯಲ್ಲಿ ಸಿಗುತ್ತದೆ. ಬೆಳಿಗ್ಗೆ ಆರರ ಹೊತ್ತಿಗೆ ಸೈಕಲ್ ಮೇಲೆ ಪೊದೆರ್ ಬರುತ್ತಾನೆ, ಬ್ರೆಡ್ ಮಾರುವವನು. ರಬ್ಬರ್ ಹಾರ್ನ್ ಪೋಂ ಪೋಂ ಅಂತ ಒತ್ತುತ್ತಾ ಹೋಗುತ್ತಾನೆ, ಗೇಟಿಗೆ ಓಡಬೇಕು. ಹಿಂದೆ ನೀಲಿ ಪ್ಲಾಸ್ಟಿಕ್ ಮುಚ್ಚಿದ ಬುಟ್ಟಿ. ತೆರೆದರೆ ಬಿಸಿ ಆವಿ. ಪಾವ್ ಬೇಡ, ಪೊಯ್ ಕೇಳಿ. ಗೋಧಿ ಬೂಸಾ ಹಚ್ಚಿದ ದುಂಡನೆಯ ಬ್ರೆಡ್, ಒಳಗೆ ಟೊಳ್ಳು. ನಮ್ಮ ಚಟ್ನಿ ಪುಡಿ, ತುಪ್ಪ ಅದರೊಳಗೆ ತುಂಬಿ ತಿಂದರೆ ಮಕ್ಕಳಿಗೆ ತಿಂಡಿ ಆಯ್ತು.

ಇನ್ನು ದುಡ್ಡು ಕಳಿಸುವ ವಿಷಯ. ಇದನ್ನು ಗಮನ ಇಟ್ಟು ಓದಿ. ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ನನ್ನನ್ನು ಕೇಳದೆ ಮೊಬೈಲ್‌ನಲ್ಲಿ ಒಂದು ಮನೆ ನೋಡಿದ. ಈಜುಕೊಳ, ಹಸಿರು ಹುಲ್ಲು, ದಿನಕ್ಕೆ 3000. ಮೂರು ದಿನದ 9000 ಮೊದಲೇ ಕಳಿಸಿಬಿಟ್ಟ. ಬೆಳಿಗ್ಗೆ ಏಳಕ್ಕೆ ಹೆಂಡತಿ ಮಕ್ಕಳ ಜೊತೆ ಮ್ಯಾಪ್ ತೋರಿಸಿದ ಜಾಗಕ್ಕೆ ಹೋದರೆ ಗೇರು ಗುಡ್ಡ. ಅರ್ಧ ಕಟ್ಟಿದ ಕಾಂಪೌಂಡ್, ಒಂದು ಎಮ್ಮೆ. ಆ ನಂಬರ್ ಸ್ವಿಚ್ ಆಫ್. ನಾನು ಹೋಗುವಷ್ಟರಲ್ಲಿ ಚಿಕ್ಕ ಮಗು ಬ್ಯಾಗಿನ ಮೇಲೇ ನಿದ್ದೆ ಹೋಗಿತ್ತು. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು, ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಅವನ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅದಕ್ಕೇ ಹೇಳ್ತೀನಿ, ವಿಡಿಯೋ ಕಾಲ್ ಮಾಡಿಸಿ. ಮನೆಯವರು ಗೇಟಿನಿಂದ ನಡೆದು ಬಂದು ರೂಮ್ ತೋರಿಸಲಿ, ನಲ್ಲಿ ತಿರುಗಿಸಿ ನೀರು ಬರೋದು ತೋರಿಸಲಿ. ಗೋವಾದಲ್ಲಿ 1982ರ ಕಾಯ್ದೆ ಪ್ರಕಾರ ಪ್ರವಾಸಿಗರಿಗೆ ರೂಮ್ ಕೊಡುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ನಂಬರ್ ಕೇಳಿ. ನಿಜವಾದ ಮನೆಯವರು ಬೇಜಾರು ಮಾಡಿಕೊಳ್ಳಲ್ಲ. ಮುಂಗಡ ಒಂದು ದಿನದ್ದು ಮಾತ್ರ, ಉಳಿದದ್ದು ಬಂದ ಮೇಲೆ.

ಬರೋದು ಹೇಗೆ? ಯಶವಂತಪುರ–ವಾಸ್ಕೋ ರೈಲು ಹುಬ್ಬಳ್ಳಿ, ಲೋಂಡಾ ಮೇಲೆ ಮಡಗಾಂವ್‌ಗೆ ಬರುತ್ತದೆ. ಸ್ಟೇಷನ್‌ನಿಂದ ಕದಂಬ ಬಸ್ ನಿಲ್ದಾಣಕ್ಕೆ ಬನ್ನಿ, ಅಲ್ಲಿ ಕಾಣಕೋಣ ಬಸ್ ಹತ್ತಿ. ಸುಮಾರು ಒಂದು ಗಂಟೆ. ಟ್ಯಾಕ್ಸಿ ಬೇಡ, ಐದು ಜನಕ್ಕೆ ಒಂದು ದಿನದ ಬಾಡಿಗೆಯಷ್ಟು ಕೇಳುತ್ತಾರೆ. ಸ್ಕೂಟರ್ ಬಾಡಿಗೆಗೆ ತಗೊಂಡರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರೋದೇ ತಗೊಳ್ಳಿ. ಬಿಳಿ ಪ್ಲೇಟಿನದು ಕೊಟ್ಟರೆ ಬೇಡ ಅನ್ನಿ, ಪೊಲೀಸರು ಹಿಡಿದರೆ ದಂಡ ನಿಮಗೆ.

ಉತ್ತರ: ಕಾರವಾರದವಳು

ಮೇಲಿನವರು ಹೇಳಿದ್ದು ಸರಿ. ಆದರೆ ಐದೂ ರಾತ್ರಿ ಗೋವಾದಲ್ಲೇ ಯಾಕೆ? ಎರಡು ರಾತ್ರಿ ನಮ್ಮೂರಲ್ಲಿ ಉಳಿಯಿರಿ. ಬಸ್ ನಿಲ್ದಾಣದ ಸುತ್ತ ಲಾಡ್ಜ್‌ಗಳಿವೆ. ನಾಲ್ಕು ಮಂಚದ ರೂಮ್ 1500, 1600ಕ್ಕೆ ಸಿಗುತ್ತದೆ. ಒಂದು ಹಾಸಿಗೆ ಜಾಸ್ತಿ ಕೇಳಿದರೆ ಹಾಕಿ ಕೊಡುತ್ತಾರೆ. ರವೀಂದ್ರನಾಥ ಟ್ಯಾಗೋರ್ ಕಡಲತೀರ ಪೇಟೆಗೆ ಅಂಟಿಕೊಂಡೇ ಇದೆ. ಆಟೋದಿಂದ ಇಳಿದರೆ ಮರಳು. ಮಂಡಿ ನೋವಿನವರಿಗೆ ಇದಕ್ಕಿಂತ ಸುಲಭದ ದಂಡೆ ನನಗೆ ಗೊತ್ತಿಲ್ಲ. ಪಕ್ಕದಲ್ಲೇ ಚಾಪಲ್ ಯುದ್ಧನೌಕೆ ಇದೆ, ಮಕ್ಕಳು ಒಳಗೆ ಹತ್ತಿ ನೋಡಬಹುದು.

ಇನ್ನೊಂದು ಲೆಕ್ಕ ಹೇಳ್ತೀನಿ. ಹಾವೇರಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮೇಲೆ ಕಾರವಾರಕ್ಕೆ ನಮ್ಮ ಸಾರಿಗೆ ಬಸ್‌ನಲ್ಲಿ ಬಂದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಇಲ್ಲ, ಮಗಳಿದ್ದರೆ ಅವಳಿಗೂ ಇಲ್ಲ. ಸಾಮಾನ್ಯ ಬಸ್ ಹತ್ತಬೇಕು, ಆಧಾರ್ ಕೈಯಲ್ಲಿರಬೇಕು. ಗೋವಾಕ್ಕೆ ಹೋಗುವ ಬಸ್‌ಗೆ ಇದು ನಡೆಯಲ್ಲ, ಅಲ್ಲಿ ಎಲ್ಲರೂ ಟಿಕೆಟ್ ತೆಗೆಸಬೇಕು. ಅರಬೈಲ್ ಘಟ್ಟದಲ್ಲಿ ತಿರುವು ಜಾಸ್ತಿ. ಮಕ್ಕಳಿಗೆ ವಾಂತಿ ಬರುವುದಾದರೆ ಯಲ್ಲಾಪುರದಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ.

ಕಾರವಾರದಿಂದ ಮಡಗಾಂವ್ ಬಸ್ ಹತ್ತಿ ಚಾವಡಿಯಲ್ಲಿ ಇಳಿದರೆ ಪಾಳೋಳೆ ಅಲ್ಲೇ. ಒಂದು ಗಂಟೆಯ ದಾರಿ. ಆದರೆ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದಿತು. ಆಗಿನಿಂದ ಹೋಗುವ ಬರುವ ಗಾಡಿ ಎಲ್ಲ ಹೊಸ ಸೇತುವೆ ಮೇಲೇ. ರಜೆ ದಿನಗಳಲ್ಲಿ ಸಾಲು ನಿಲ್ಲುತ್ತದೆ, ಸ್ವಲ್ಪ ಹೊತ್ತು ಕೈಯಲ್ಲಿ ಇಟ್ಟುಕೊಳ್ಳಿ. ಟೈಮ್ ಇದ್ದರೆ ಮಾಜಾಳಿ ಹತ್ತಿರದ ತಿಳಮಾತಿ ನೋಡಿ. ಮರಳು ಕಪ್ಪು, ಎಳ್ಳಿನ ಕಾಳಿನ ಹಾಗೆ. ಹೆಸರು ಬಂದಿದ್ದೂ ಅದರಿಂದಲೇ. ಗುಡ್ಡ ಹತ್ತಿ ಇಳಿಯಬೇಕು, ನಿಮ್ಮ ಮಾವನವರನ್ನು ಮಾಜಾಳಿ ದಂಡೆಯಲ್ಲೇ ಕೂರಿಸಿ ಹೋಗಿ.

ಉತ್ತರ: ಬೆಂಗಳೂರಿನಿಂದ

ನಿಮ್ಮ ರೈಲು ಬೆಳಗಿನ ಜಾವ ಬಂದರೆ ಅಥವಾ ವಾಪಸ್ ರೈಲು ತಡರಾತ್ರಿ ಇದ್ದರೆ ಅಷ್ಟಕ್ಕಾಗಿ ಹೋಟೆಲ್ ಮಾಡಬೇಡಿ. ಮಡಗಾಂವ್ ಸ್ಟೇಷನ್‌ನಲ್ಲೇ ವಿಶ್ರಾಂತಿ ಕೊಠಡಿಗಳಿವೆ. ಖಚಿತವಾದ ಟಿಕೆಟ್‌ನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಮೊದಲೇ ಹಿಡಿಯಬಹುದು. ಡಿಸೆಂಬರ್‌ನಲ್ಲಿ ಬೇಗ ತುಂಬುತ್ತವೆ, ಟಿಕೆಟ್ ಆದ ದಿನವೇ ನೋಡಿ. ನಾನು ಹೋಗಿದ್ದು ಒಬ್ಬನೇ, ಕುಟುಂಬದ ಜೊತೆ ಹೇಗೋ ಗೊತ್ತಿಲ್ಲ. ನನಗೆ ಸ್ನಾನ ಮಾಡಿ, ಮೂರು ಗಂಟೆ ಮಲಗಿ ಎದ್ದರೆ ಸಾಕಾಗಿತ್ತು.

ಪ್ರಶ್ನೆ ಕೇಳಿದವರು

ಎಷ್ಟು ಬಿಡಿಸಿ ಹೇಳಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಓದಿ ತೋರಿಸಿದೆ. ಎರಡು ರಾತ್ರಿ ಕಾರವಾರ, ಮೂರು ರಾತ್ರಿ ನಗರ್ಸೆ ಅಂತ ಮಾಡೋಣ ಅಂದರು. ಒಂದೇ ಭಯ. ನಮಗೆ ಕೊಂಕಣಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೇ. ಫೋನ್‌ನಲ್ಲಿ ಬಾಡಿಗೆ ಮಾತಾಡೋದು ಹೇಗೆ?

ಉತ್ತರ: ಮಡಗಾಂವ್‌ನಲ್ಲಿರುವ ರಾಣೆಬೆನ್ನೂರಿನವನು

ಕಾಣಕೋಣದಲ್ಲಿ ಕನ್ನಡಕ್ಕೆ ಹೆದರಬೇಕಿಲ್ಲ. ಎಷ್ಟೋ ಮನೆಯವರಿಗೆ ಕಾರವಾರ, ಅಂಕೋಲಾದಲ್ಲಿ ನೆಂಟರಿದ್ದಾರೆ. ಅಂಗಡಿಯಲ್ಲಿ, ಕಟ್ಟಡದ ಕೆಲಸದಲ್ಲಿ ವಿಜಯಪುರ, ಬಾಗಲಕೋಟೆ, ಗದಗಿನವರು ಸಿಗುತ್ತಾರೆ. ಆದರೂ ಎರಡು ಮಾತು ಕಲಿತು ಬನ್ನಿ. "ರೂಮ್ ಆಸಾ?" ಅಂದರೆ ರೂಮ್ ಇದೆಯಾ. "ಕಿತ್ಲೆ?" ಅಂದರೆ ಎಷ್ಟು. "ಉಣೆ ಕರಾ" ಅಂದರೆ ಕಡಿಮೆ ಮಾಡಿ. ಮೂರನೆಯದನ್ನು ನಗುತ್ತಾ ಹೇಳಬೇಕು, ಒಂದೇ ಸಲ. ಹಿಂಡಿ ಕೇಳಿದರೆ ಅವರಿಗೆ ಬೇಸರ ಆಗುತ್ತದೆ. ವರ್ಷಕ್ಕೆ ನಾಲ್ಕು ತಿಂಗಳ ದುಡಿಮೆ ಅವರದ್ದು. ಐದು ಜನ, ಅದರಲ್ಲಿ ಒಬ್ಬರು ವಯಸ್ಸಾದವರು, ಅಡುಗೆ ನಾವೇ ಮಾಡಿಕೊಳ್ತೀವಿ, ಕುಡಿಯೋದಿಲ್ಲ ಅಂತ ಮೊದಲೇ ಹೇಳಿ. ಕುಟುಂಬ ಅಂದರೆ ಬಾಗಿಲು ಬೇಗ ತೆರೆಯುತ್ತಾರೆ.

ಪ್ರಶ್ನೆ ಕೇಳಿದವರು, ಜನವರಿ ಮೊದಲ ವಾರ

ಹೋಗಿ ಬಂದೆವು. ಮುಂದೆ ಹೋಗುವವರಿಗೆ ಬೇಕಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಕಾರವಾರದಲ್ಲಿ ಎರಡು ರಾತ್ರಿ, 1600ರಂತೆ 3200. ನಗರ್ಸೆಯಲ್ಲಿ ಮೂರು ರಾತ್ರಿ, 2200ರಂತೆ 6600. ಒಟ್ಟು 9800. ನಗರ್ಸೆ ಮನೆಯವರು ಮೊದಲು 2500 ಅಂದರು. ನಾನು "ಉಣೆ ಕರಾ" ಅಂದೆ. ಆ ಕಡೆ ಅಮ್ಮ ಜೋರಾಗಿ ನಕ್ಕರು. ಎಲ್ಲಿಯವರು ನೀವು ಅಂತ ಕನ್ನಡದಲ್ಲೇ ಕೇಳಿದರು! ಅವರ ತವರು ಕಾರವಾರದ ಪಕ್ಕದ ಸದಾಶಿವಗಡ. ಮುಂಗಡ ಅಂತ ತಗೊಂಡಿದ್ದು 1000 ಮಾತ್ರ.

ಎರಡು ವಿಷಯ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು. ಒಂದು, ಬಿಸಿ ನೀರು. ಹಿತ್ತಲಲ್ಲಿ ಹಂಡೆ, ಒಲೆಗೆ ತೆಂಗಿನ ಗರಿ. ಐದು ಜನಕ್ಕೆ ಸರದಿ ಬರುವಷ್ಟರಲ್ಲಿ ಒಂಬತ್ತು ಗಂಟೆ. ಬೇಗ ಹೊರಡಬೇಕಾದ ದಿನ ಹಿಂದಿನ ರಾತ್ರಿಯೇ ಹೇಳಿಬಿಡಿ. ಎರಡು, ಪಾಳೋಳೆಯಿಂದ ಕತ್ತಲಾದ ಮೇಲೆ ಆಟೋದವರು ಹಗಲಿನ ಎರಡು ಪಟ್ಟು ಕೇಳುತ್ತಾರೆ. ಎರಡನೇ ದಿನದಿಂದ ನಾವು ಬೆಳಗಿನ ಆಟೋದವರ ನಂಬರ್ ಇಸಿದುಕೊಂಡು, ಏಳಕ್ಕೆ ಬನ್ನಿ ಅಂತ ಮೊದಲೇ ಮಾತಾಡಿಕೊಂಡೆವು. ಹಗಲಿನ ರೇಟಿಗೇ ಬಂದರು.

ಪೊದೆರ್ ಹಾರ್ನ್ ಕೇಳಿ ಮಗ ಚಡ್ಡಿಯಲ್ಲೇ ಗೇಟಿಗೆ ಓಡುತ್ತಿದ್ದ. ಪೊಯ್ ಒಳಗೆ ಶೇಂಗಾ ಚಟ್ನಿ ತುಂಬೋದು ಈಗ ಮನೆಯಲ್ಲೂ ಬೇಕಂತೆ. ಹಾವೇರಿಯಲ್ಲಿ ಪೊಯ್ ಎಲ್ಲಿಂದ ತರಲಿ.

ಮಾವ ಮೊದಲ ದಿನ ದಂಡೆಯ ಕುರ್ಚಿ ಬಿಟ್ಟು ಏಳಲಿಲ್ಲ. ಎರಡನೇ ದಿನ ಮಧ್ಯಾಹ್ನ ನೀರು ಹಿಂದೆ ಸರಿದಿತ್ತು. ಯಜಮಾನರು ಮನೆಯವರ ಪ್ಲಾಸ್ಟಿಕ್ ಕುರ್ಚಿ ತಂದು ನೀರಲ್ಲೇ ಹಾಕಿದರು. ಮಾವ ಪಂಚೆ ಮೇಲಕ್ಕೆ ಕಟ್ಟಿ ಕೂತರು. ಸಣ್ಣ ಸಣ್ಣ ಅಲೆ ಮಂಡಿಗೆ ಬಡಿಯುತ್ತಿತ್ತು. ಎರಡು ಗಂಟೆ ಕದಲಲಿಲ್ಲ. ಉಪ್ಪುನೀರು ಮಂಡಿಗೆ ಒಳ್ಳೇದು ಅಂತ ಅವರೇ ತೀರ್ಮಾನ ಮಾಡಿ, ಮರುದಿನವೂ ಅದೇ ಹೊತ್ತಿಗೆ ಹೊರಟರು.

30ರ ಬೆಳಿಗ್ಗೆ ಹೊರಡುವಾಗ ಮನೆಯವರು ಮದುವೆಗೆ ಹೋಗಿದ್ದರು. ಬೀಗದ ಕೈ ತುಳಸಿಕಟ್ಟೆ ಮೇಲೆ ಇಟ್ಟು ಹೋಗಿ ಅಂದಿದ್ದರು. ಅಲ್ಲೇ ಇಟ್ಟು, ಉಳಿದ ಅಕ್ಕಿ, ಚಟ್ನಿ ಪುಡಿಯ ಡಬ್ಬಿ ಪಕ್ಕದಲ್ಲಿಟ್ಟು ಬಸ್ ಹತ್ತಿದೆವು.