8x4 ಪ್ಲೈವುಡ್ ಮೇಲೆ ಸಕಲೇಶಪುರ ಘಾಟಿ ಮಾಡೋದು ಹೇಗೆ?

ಹಾಸನದ_ಹಳಿ:
ಮಹಡಿ ಮೇಲಿನ ರೂಮು ಕೊನೆಗೂ ನನ್ನ ಪಾಲಿಗೆ ಬಂತು. 8 ಅಡಿಗೆ 4 ಅಡಿ ಪ್ಲೈವುಡ್ ತಂದಿಟ್ಟಿದ್ದೇನೆ. ಮಾದರಿ ರೈಲು ಎಚ್‌ಒ ಸ್ಕೇಲಿನದು, ಅಂದರೆ ನಿಜದ 87ನೇ ಒಂದು ಭಾಗ. 18 ಇಂಚು ರೇಡಿಯಸ್ಸಿನ ಹಳಿ, ಒಂದು ಡೀಸೆಲ್ ಎಂಜಿನ್, ನಾಲ್ಕು ನೀಲಿ ಐಸಿಎಫ್ (ಚೆನ್ನೈ ಕಾರ್ಖಾನೆಯ ವಿನ್ಯಾಸದ) ಬೋಗಿ ಇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿ ಮಾಡುವ ಆಸೆ. ಅಲ್ಲಿ 50ಕ್ಕೆ 1ರ ಏರು ಇದೆಯಲ್ವಾ, ಅದನ್ನೂ ಹಾಗೇ ತರಬೇಕಾ? ಬೆಟ್ಟವನ್ನು ಥರ್ಮಾಕೋಲಲ್ಲಿ ಕಟ್ಟಿದರೆ ಸಾಕಾ? ಮಾಡಿದವರು ಯಾರಾದರೂ ಹೇಳಿ.

ಪುತ್ತೂರು_ಗಾರ್ಡ್:
ಸರ್, ಮೊದಲು ಏರಿನ ಆಸೆ ಬಿಡಿ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಿಸಲು ಸುಮಾರು 7.5 ಸೆಂ.ಮೀ. ಎತ್ತರ ಬೇಕು. 50ಕ್ಕೆ 1ರಂತೆ ಹತ್ತಿದರೆ 3.75 ಮೀಟರ್, ಇಳಿಯಲು ಮತ್ತೆ ಅಷ್ಟೇ. ನಿಮ್ಮ ಹಲಗೆಯ ಒಂದು ಸುತ್ತೇ ಸುಮಾರು 5.5 ಮೀಟರ್. ಎಲ್ಲಿ ಹಿಡಿಸುತ್ತದೆ?

ಅದು ಬೇಕಾಗೂ ಇಲ್ಲ. ಘಾಟಿಯಲ್ಲಿ ರೈಲಿನ ಕಿಟಕಿಯಲ್ಲಿ ಕೂತವನಿಗೆ ಏರು ಕಾಣುವುದಿಲ್ಲ, ಕಾಣುವುದು ಕೆಳಗಿನ ಕಮರಿ. ಒಂದು ಬದಿ ಗೋಡೆಯ ಹಾಗೆ ಕಡಿದ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗ, 109 ಸೇತುವೆ. ನಮ್ಮಲ್ಲಿ ಬಹಳ ಜನ ಸಪಾಟು ಹಲಗೆಯ ನಡುವೆ ಒಂದು ಗುಡ್ಡ ಕೂರಿಸಿ, ತೂತು ಕೊರೆದು, ಘಾಟಿ ಅಂತಾರೆ. ಅದು ಗೊಂಬೆ ಹಬ್ಬದ ಬೆಟ್ಟ ಆಗುತ್ತದೆ ಅಷ್ಟೇ.

ನೀವು ಉಲ್ಟಾ ಮಾಡಿ. ಪ್ಲೈವುಡ್ಡನ್ನು ಇಡಿಯಾಗಿ ಹಾಸಬೇಡಿ. ಮರದ ರೀಪರ್‌ನಲ್ಲಿ ಚೌಕಟ್ಟು ಮಾಡಿ, ಪ್ಲೈವುಡ್ಡಿನಿಂದ ಹಳಿ ಹೋಗುವಷ್ಟೇ ಅಗಲದ ಪಟ್ಟಿ ಕತ್ತರಿಸಿ, ಚೌಕಟ್ಟಿನಿಂದ ಒಂದು ಗೇಣು ಮೇಲೆ ನಿಲ್ಲಿಸಿ. ಹಳಿ ಮಟ್ಟವಾಗೇ ಇರಲಿ, ನೆಲ ಕೆಳಗಿಳಿಯಲಿ. ಮುಂದಿನ ಅಂಚಿನಲ್ಲಿ ಒಂದು ಆಳವಾದ ಹಳ್ಳ, ಅದರ ಮೇಲೆ ಎತ್ತರದ ಕಂಬಗಳ ಗರ್ಡರ್ ಸೇತುವೆ. ಇಷ್ಟಾದರೆ ಅರ್ಧ ಘಾಟಿ ಬಂದ ಹಾಗೆ.

ಥರ್ಮಾಕೋಲ್ ನಡೆಯುತ್ತದೆ. ಆದರೆ ಸಾಲ್ವೆಂಟ್ ಇರುವ ಗಮ್ಮಾಗಲಿ, ಸ್ಪ್ರೇ ಪೇಂಟಾಗಲಿ ಬೇಡ, ಕರಗಿಹೋಗುತ್ತದೆ. ಬಿಳಿ ಫೆವಿಕಾಲ್ ಸಾಕು. ಮೇಲೆ ಪೇಪರ್ ಅಂಟಿಸಲು ಮೈದಾ ಅಂಟು ಕಾಯಿಸಿದರೆ ಚಿಟಿಕೆ ಮೈಲುತುತ್ತ ಹಾಕಿ, ಬೈಂಡಿಂಗ್‌ನವರು ಹಾಕುವ ಹಾಗೆ. ಇಲ್ಲದಿದ್ದರೆ ನಮ್ಮ ಕಡೆಯ ಜುಲೈನಲ್ಲಿ ನಿಮ್ಮ ಬೆಟ್ಟದ ಮೇಲೆ ಬೂಸ್ಟಿನ ಕಾಡೇ ಬೆಳೆಯುತ್ತದೆ, ಜಿರಲೆಗೂ ಊಟ. ಮೈಲುತುತ್ತ ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಜಲ್ಲಿಗೆ ದುಡ್ಡು ಸುರಿಯಬೇಡಿ. ಎಂ-ಸ್ಯಾಂಡ್ ತೊಳೆದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಅದರ ಮೇಲೆ ಒಂದು ಅಯಸ್ಕಾಂತ ಆಡಿಸಲೇಬೇಕು. ಕಬ್ಬಿಣದ ಪುಡಿ ಉಳಿದರೆ ಎಂಜಿನ್ನಿನ ಮೋಟರಿಗೆ ಹೋಗಿ ಹಿಡಿದುಕೊಳ್ಳುತ್ತದೆ. ಸ್ಲೀಪರ್‌ಗಳ ನಡುವೆ ಜಲ್ಲಿ ಹರಡಿ, ಒಣ ಬ್ರಷ್ಷಿನಿಂದ ಸಮ ಮಾಡಿ, ಮೊದಲು ಬರೀ ನೀರು ಸ್ಪ್ರೇ ಮಾಡಿ. ಫೆವಿಕಾಲಿಗೆ ಎರಡರಷ್ಟು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಡ್ರಾಪರ್‌ನಲ್ಲಿ ಬಿಡಿ. ಸೋಪು ಹಾಕದಿದ್ದರೆ ಹನಿ ಮುತ್ತಿನ ಹಾಗೆ ಮೇಲೇ ಕೂತು ಜಲ್ಲಿಯನ್ನು ಉರುಳಿಸಿಕೊಂಡು ಹೋಗುತ್ತದೆ. ಹಾಕಿದರೆ ಸರಕ್ಕನೆ ಒಳಗೆ ಇಳಿಯುತ್ತದೆ. ಒಣಗುವವರೆಗೆ ರೂಮಿಗೆ ಬೀಗ ಹಾಕಿ, ಕೈ ಸುಮ್ನಿರಲ್ಲ.

ಬಣ್ಣದ ವಿಷಯ ಒಂದೇ ಮಾತು: ಒಂದೇ ಹಸಿರು ಬಳಿಯಬೇಡಿ. ಸುರಂಗದ ಬಾಯಿಗೆ ಮೇಲೆ ಡೀಸೆಲ್ ಹೊಗೆಯ ಕಪ್ಪು, ಕೆಳಗೆ ನೀರಿಳಿದ ಪಾಚಿ.

ವೈಟ್‌ಫೀಲ್ಡ್_ಲೂಪ್:
ಗಾರ್ಡ್ ಸಾರ್ ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಐಸಿಎಫ್ ಬೋಗಿ ನಿಜದಲ್ಲಿ 21.3 ಮೀಟರ್, 87ರಲ್ಲಿ ಭಾಗಿಸಿದರೆ ಹೆಚ್ಚುಕಡಿಮೆ 24.5 ಸೆಂ.ಮೀ. 18 ಇಂಚಿನ ತಿರುವಿನಲ್ಲಿ ಅದರ ಮೂಲೆ ಹೊರಗೆ ಚಾಚುತ್ತದೆ, ಹೊಟ್ಟೆ ಒಳಗೆ ಬರುತ್ತದೆ. ಸುರಂಗ ಅಂಟಿಸುವ ಮೊದಲೇ ಬೋಗಿಯ ಮೂಲೆಗೂ ನಡುಭಾಗಕ್ಕೂ ಪೆನ್ಸಿಲ್ ಟೇಪ್ ಮಾಡಿ ಕೈಯಲ್ಲಿ ತಳ್ಳಿ. ಗೆರೆ ಬಿದ್ದ ಜಾಗದಿಂದ ಒಂದು ಬೆರಳು ಆಚೆ ಗೋಡೆ ಬರಲಿ. ಸುರಂಗಕ್ಕೆ ಹಿಂದಿನಿಂದ ಕೈ ಹಾಕುವ ಕಿಂಡಿಯೂ ಬೇಕು. ಗಾಡಿ ಹಳಿ ತಪ್ಪುವುದು ಯಾವಾಗಲೂ ಒಳಗೇ!

ಹಾಸನದ_ಹಳಿ:
ಇಬ್ಬರಿಗೂ ಥ್ಯಾಂಕ್ಸ್. ಪ್ಲೈವುಡ್ ಕತ್ತರಿಸಬೇಕು ಅಂದರೆ ಮನೆಯವರು ಬೈತಾರೆ, ಹೊಸದು. ಇರಲಿ. ಎಚ್‌ಒ ಹಳಿ 16.5 ಮಿ.ಮೀ. ಅಲ್ವಾ? ನಮ್ಮ ಬ್ರಾಡ್‌ಗೇಜ್ ಲೆಕ್ಕದಲ್ಲಿ ಅದು ಕಿರಿದು ಅಂತ ಯಾರೋ ಅಂದರು. ಇನ್ನು ಘಾಟಿ ನೋಡಿಕೊಂಡು ಬರಲು ಹಳಿ ಮೇಲೆ ನಡೆದು ಹೋಗಬಹುದಾ?

ಪುತ್ತೂರು_ಗಾರ್ಡ್:
ಕಿರಿದೇ. ಬ್ರಾಡ್‌ಗೇಜಿನ 1676 ಮಿ.ಮೀ.ಯನ್ನು 87ರಲ್ಲಿ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಆದರೆ ಅದಕ್ಕೆ ಹಳಿ, ಚಕ್ರ ಎಲ್ಲ ಕೈಯಲ್ಲೇ ಮಾಡಿಕೊಳ್ಳಬೇಕು. ಜಲ್ಲಿ ಹಾಕಿ ಹಳಿಯ ಬದಿಗೆ ತುಕ್ಕು ಬಣ್ಣ ಬಳಿದ ಮೇಲೆ ಯಾರೂ ಸ್ಕೇಲ್ ಹಿಡಿದು ಅಳೆಯಲ್ಲ.

ನಡೆದು ಹೋಗಲೇಬೇಡಿ. ಹಳಿ ಮೇಲಿನ ಚಾರಣ ಕಾನೂನುಬಾಹಿರ, ಸುರಂಗದೊಳಗೆ ಗಾಡಿ ಬಂದರೆ ಓಡಲು ಜಾಗವೂ ಇಲ್ಲ. ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಇರುವ ಹಗಲು ರೈಲು ಹತ್ತಿ, ಮಳೆಗಾಲದಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ. ಹಸಿರಿನ ಜೊತೆ ಮಣ್ಣಿನ ಫೋಟೋ ಜಾಸ್ತಿ ತೆಗೆಯಿರಿ. ಚೌಕಟ್ಟು ಎದ್ದ ಮೇಲೆ ಇಲ್ಲೇ ಫೋಟೋ ಹಾಕಿ, ಹಳ್ಳ ಎಲ್ಲಿ ಬರಬೇಕು ಅಂತ ನೋಡೋಣ.